ತಹಕೂಬ ಆಗಬೇಕಿದ್ದ ಸಭೆ

ಸಭೆಗೆ ಜನ ಬರಬಾರದಪ್ಪಾ ಅಂತ ದೇವರಿಗೆ ಕೈ ಮುಗಿದದ್ದು ನನ್ನ ಜೀವನದಲ್ಲಿ ಒಂದೇ ಸಲ. ದೇವರು ಕೇಳಲಿಲ್ಲ. ಜನ ಬಂದರು, ಬಸ್ಸು ತುಂಬಿ ಬಂದರು.

ರಾಂಜಣಗಾಂವದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನನ್ನ ನೌಕರಿ. ನಟ್ಟಿಗೂ ನನಗೂ ಸಂಬಂಧವಿಲ್ಲ, ಬೋಲ್ಟಿಗೂ ಇಲ್ಲ. ಕಂಪನಿ ತನ್ನ ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನು ಇದೆಯಲ್ಲ, ಆ ಖರ್ಚು ಎಲ್ಲಿಗೆ ಹೋಗಬೇಕು, ಹೇಗೆ ಹೋಗಬೇಕು ಎಂದು ನೋಡುವವಳು ನಾನು. ಶಾಲೆಗೆ ಬೆಂಚು, ಊರಿಗೆ ನೀರಿನ ಟಾಕಿ, ದವಾಖಾನೆಗೆ ಮಂಚ. ಹುಟ್ಟಿದ್ದು ಧಾರವಾಡದಲ್ಲಿ. ಮದುವೆಯಾಗಿ ಪುಣೆಗೆ ಬಂದ ಮೇಲೆ ಕೋಥರೂಡದ ಸೊಸೈಟಿಯಲ್ಲಿ ಟ್ಯಾಂಕರಿನ ನೀರಿಗೆ, ಸ್ಕೂಟರ್ ನಿಲ್ಲಿಸುವ ಜಾಗಕ್ಕೆ ಜಗಳಾಡಿ ನಾಲಿಗೆಯನ್ನು ಸಾಣೆ ಹಿಡಿದುಕೊಂಡವಳು. ನಸುಕಿನಲ್ಲಿ ಕಂಪನಿ ಬಸ್ಸು ಹತ್ತಿ, ಇಡೀ ಪುಣೆಯನ್ನು ಅಡ್ಡ ದಾಟಿ, ನಗರ ರೋಡಿನ ಲಾರಿಗಳ ನಡುವೆ ತೂಕಡಿಸುತ್ತ ಹೋಗುವುದು ನನ್ನ ನಿತ್ಯದ ಯಾತ್ರೆ. ಅದೇ ದಾರಿಯಲ್ಲಿ ಜನ ರಾಂಜಣಗಾಂವದ ಗಣಪತಿಯ ದರ್ಶನಕ್ಕೆ ಹೋಗುತ್ತಾರೆ, ನಾನು ಪಂಚಾಯಿತಿಯ ದರ್ಶನಕ್ಕೆ.

ಆ ಸಭೆಗೆ ಕಾರಣಳಾದವಳು ಸಿಕ್ಕಿದ್ದು ನಮ್ಮ ಪ್ಯಾಕಿಂಗ್ ವಿಭಾಗದಲ್ಲಿ. ಹೆಂಗಸರಿಗೆ ಆರೋಗ್ಯ ತಪಾಸಣೆ ಇಟ್ಟಿದ್ದೆ. ಸಾಲಿನಲ್ಲಿ ನಿಂತವಳು ಹಿಂದಿನವಳಿಗೆ ಏನೋ ಗೊಣಗಿದಳು, ಕನ್ನಡದಲ್ಲಿ, ಅದೂ ವಿಜಯಪುರದ ಕಡೆಯ ಕನ್ನಡದಲ್ಲಿ. ಆ ಶೆಡ್ಡಿನಲ್ಲಿ ಆ ಮಾತು ಕೇಳಿ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಯಿತು. ಮಾತಾಡಿಸಿದೆ. ಗಂಡ ದೂರದ ಊರುಗಳಿಗೆ ಲಾರಿ ಹೊಡೆಯುತ್ತಾನೆ, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮೂರು ವರ್ಷದ ಮಗಳಿದ್ದಾಳೆ. ನೀನು ಇಲ್ಲಿ ಇದ್ದಾಗ ಮಗಳನ್ನು ಯಾರು ನೋಡುತ್ತಾರೆ ಎಂದು ಸುಮ್ಮನೆ ಕೇಳಿದೆ, ಮಾತಿಗೆ ಮಾತು ಅಂತ.

"ಕೀಲಿ ಹಾಕಿ ಬರತೀನ್ರೀ," ಅಂದಳು.

ನನಗೆ ಅರ್ಥವಾಗಲಿಲ್ಲ. ಮನೆಗೆ ಕೀಲಿ ಹಾಕುತ್ತೀಯಾ ಸರಿ, ಮಗು? ಮಗು ಒಳಗೇ ಅಂದಳು. ಊಟದ ಬಿಡುವಿನಲ್ಲಿ ಓಡಿ ಹೋಗಿ ತೆರೆದು, ತಿನಿಸಿ, ಉಚ್ಚೆ ಹೊಯ್ಯಿಸಿ, ಮತ್ತೆ ಕೀಲಿ ಹಾಕಿ ಓಡಿ ಬರುತ್ತಾಳೆ. ಚಾಳಿನಲ್ಲಿ ಅಕ್ಕಪಕ್ಕದವರೆಲ್ಲ ಶಿಫ್ಟಿಗೆ ಹೋಗುವವರೇ, ಯಾರ ಹತ್ತಿರ ಬಿಡುವುದು? ಖೋಲಿಯ ಒಡತಿಗೆ ಒಮ್ಮೆ ಕೇಳಿದ್ದಳಂತೆ. ನನ್ನದು ಬಾಡಿಗೆಯ ಖೋಲಿ, ಬಾಲವಾಡಿ ಅಲ್ಲ ಅಂದಳಂತೆ ಆಕೆ.

ನಾನು ಅಲ್ಲೇ ಬೈದೆ. ನಿನಗೇನು ಬುದ್ಧಿ ಇದೆಯಾ, ಬೆಂಕಿ ಹತ್ತಿದರೆ, ಹಾವು ಬಂದರೆ, ಏನಾದರೂ ನುಂಗಿದರೆ ಅಂತ ಬಾಯಿಗೆ ಬಂದದ್ದು ಅಂದೆ. ಅವಳು ಕೈ ಕಟ್ಟಿಕೊಂಡು ಕೇಳಿಸಿಕೊಂಡಳು. ಕೊನೆಗೆ ತಣ್ಣಗೆ, "ತೆರೆದಿಟ್ಟು ಬಂದ್ರ ಹೊರಗ ರಸ್ತಾ ಅದರೀ. ಲಾರಿ ಅದಾವ. ಮಂದಿ ಅದಾರ," ಅಂದಳು. ಮಂದಿ ಅನ್ನುವಾಗ ನನ್ನ ಮುಖ ನೋಡಿದಳು.

ಊರಿನಲ್ಲಿ ಒಂದು ಕೂಸಿನ ಮನೆ ಆಗಲೇಬೇಕೆಂದು ನಾನು ಹಟ ಹಿಡಿದದ್ದು ಅವತ್ತು. ತಾಯಂದಿರು ದುಡಿಯಲು ಹೋದಾಗ ಮಕ್ಕಳನ್ನು ನೋಡಿಕೊಳ್ಳುವ ಜಾಗ. ಮರಾಠಿಯಲ್ಲಿ ಪಾಳಣಾಘರ ಅನ್ನುತ್ತಾರೆ. ಕಂಪನಿಯ ಕಾನೂನಿನವರು ಮೊದಲು ಮೂಗು ಮುರಿದರು. ಕಂಪನಿಯ ಸ್ವಂತ ನೌಕರರಿಗೆ ಮಾಡಿದ ಸೌಕರ್ಯ ಸಮಾಜಸೇವೆ ಎಂದು ಲೆಕ್ಕಕ್ಕೆ ಬರುವುದಿಲ್ಲವಂತೆ. ಆಮೇಲೆ ಅವರೇ ದಾರಿ ಹುಡುಕಿದರು. ಪ್ಯಾಕಿಂಗಿನ ಹೆಂಗಸರು ನಮ್ಮ ನೌಕರರೇ ಅಲ್ಲ, ಗುತ್ತಿಗೆದಾರನ ಜನ. ಹಾಗಾದರೆ ಅವರು ಯಾರು? ಸಮಾಜ! ನಮ್ಮ ಗೇಟಿನೊಳಗೆ ದಿನವೂ ಬೆವರು ಸುರಿಸುವವಳು ನಮ್ಮವಳಲ್ಲ, ಆದ್ದರಿಂದ ಅವಳ ಮಗಳಿಗೆ ಉಪಕಾರ ಮಾಡಬಹುದು. ಈ ಜಾಣತನಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಸಿಕ್ಕ ದಾರಿಯನ್ನು ಬಿಡಲಿಲ್ಲ.

ಜಾಗವೂ ಇತ್ತು. ಕಾರ್ಖಾನೆಯ ಬೇಲಿಗೆ ಹತ್ತಿದ ಹಳ್ಳಿ ಅದು, ಹೆಸರು ಬೇಡ. ಮಾರುತಿ ಗುಡಿಯ ಹಿಂದೆ ಪಂಚಾಯಿತಿಯ ಒಂದು ಹಾಲ್ ಬಳಕೆಯಿಲ್ಲದೆ ಬಿದ್ದಿತ್ತು. ಊರಿನ ಹುಡುಗರ ಮಂಡಳಿ ಹಬ್ಬದ ಮಂಟಪದ ಬಿದಿರು, ಪರದೆ, ದೀಪದ ಸರ ಎಲ್ಲ ಅದರಲ್ಲಿ ತುಂಬಿಟ್ಟಿತ್ತು. ರಿಪೇರಿ, ಆಯಾಗಳ ಪಗಾರ, ಮಕ್ಕಳ ಊಟ ಎಲ್ಲ ಕಂಪನಿಯದು. ಪಂಚಾಯಿತಿ ಹಾಲ್ ಕೊಟ್ಟರೆ ಸಾಕು. ಆದರೆ ಅದು ಊರಿನ ಆಸ್ತಿ, ಗ್ರಾಮಸಭೆ ಒಪ್ಪಬೇಕು.

ಸರಪಂಚರು ಒಳ್ಳೆಯ ಮಾತಿನ ಮನುಷ್ಯ. ಬಸ್ ಸ್ಟ್ಯಾಂಡಿನ ಹತ್ತಿರ ಪೈಪು, ನಲ್ಲಿ ಮಾರುವ ಅಂಗಡಿ. ಚಹಾ ತರಿಸಿ, ಪೈಪುಗಳ ನಡುವೆ ನನ್ನನ್ನು ಕೂರಿಸಿ, ಮರಾಠಿಯಲ್ಲಿ ಸಾವಕಾಶವಾಗಿ ಗ್ರಾಮಸಭೆಯ ಪಾಠ ಹೇಳಿದರು. ಸಭೆಗೆ ಬೇಕಾದಷ್ಟು ಜನ ಕೂಡದಿದ್ದರೆ ಅದು ತಹಕೂಬ, ಅಂದರೆ ಮುಂದಕ್ಕೆ. ಮುಂದಿನ ಸಭೆಗೆ ಇಷ್ಟು ಜನ ಬೇಕೆಂಬ ಕಟ್ಟಳೆಯಿಲ್ಲ. ಮೊದಲ ಸಭೆಯ ವಿಷಯಗಳನ್ನು ಅಲ್ಲಿ ಬಂದವರೇ ಕೂತು ಮುಗಿಸಬಹುದು. ಹಾಗಾಗಿ ಅವರ ಊರಿನಲ್ಲಿ ಮೊದಲ ಸಭೆಗೆ ಯಾರೂ ಹೋಗುವುದಿಲ್ಲ. ಪಂಚಾಯಿತಿಯ ಕಾಗದಪತ್ರ ನೋಡುವ ಗ್ರಾಮಸೇವಕ ಜಮಖಾನೆ ಹಾಸುತ್ತಾನೆ, ಕಾಯುತ್ತಾನೆ, ಮಡಚುತ್ತಾನೆ. ಎರಡನೆಯದೇ ಖರೇ ಸಭೆ. ಜಗಳಗಂಟರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಕೆಲಸ ಬೇಕಾದವರು ಬಂದು ಕೈ ಎತ್ತಿ ಹೋಗುತ್ತಾರೆ. ಊರಿನ ರಸ್ತೆ, ಗಟಾರ, ಶಾಲೆಯ ಕಂಪೌಂಡು ಎಲ್ಲ ಆಗಿದ್ದು ಹೀಗೆಯೇ.

ಇದೆಂಥ ಪ್ರಜಾಪ್ರಭುತ್ವ ಅಂತ ನನ್ನ ಮೈ ಉರಿಯಿತು. ಅಲ್ಲೇ ಅಂದೂಬಿಟ್ಟೆ. ಅವರು ನಕ್ಕರು. "ತಾಯಿ, ನಿಮಗೆ ಪ್ರಜಾಪ್ರಭುತ್ವ ಬೇಕೋ ಪಾಳಣಾಘರ ಬೇಕೋ ಹೇಳಿ," ಅಂದರು. ಕೀಲಿ ಹಾಕಿದ ಆ ಬಾಗಿಲು ನೆನಪಾಯಿತು. ಪಾಳಣಾಘರ ಅಂದೆ. ಹಾಗಾದರೆ ಮೊದಲ ಸಭೆಯ ದಿನ ಮನೆಯಲ್ಲಿ ಆರಾಮಾಗಿರಿ ಅಂದರು.

ಅಷ್ಟರಲ್ಲಿ ಕಂಪನಿಗೆ ಹೊಸ ಸಾಹೇಬ ಬಂದ. ಬೆಂಗಳೂರಿನ ಹುಡುಗ. ಹುಡುಗ ಅನ್ನುವುದು ನನ್ನ ವಯಸ್ಸಿನ ಸೊಕ್ಕು, ಹುದ್ದೆಯಲ್ಲಿ ನನಗಿಂತ ಬಹಳ ಮೇಲೆ. ಕೆಟ್ಟವನಲ್ಲ. ನನ್ನ ಹತ್ತಿರ ಕನ್ನಡ ಮಾತಾಡಲು ಸಿಕ್ಕಿತೆಂದು ಸಂತೋಷಪಟ್ಟ. ಕೂಸಿನ ಮನೆಯ ವಿಷಯ ಕೇಳಿ ಅವನಿಗೆ ಉತ್ಸಾಹ ಬಂದುಬಿಟ್ಟಿತು. ಗ್ರಾಮಸಭೆಯ ದಿನ ಊರಿನ ಪ್ರತಿ ಗಲ್ಲಿಗೂ ಕಂಪನಿ ಬಸ್ಸು ಕಳಿಸೋಣ, ಬಂದವರಿಗೆ ಸಮೋಸ, ಮಜ್ಜಿಗೆ, ಹೆಂಗಸರಿಗೆಲ್ಲ ಒಂದೊಂದು ಸ್ಟೀಲ್ ಡಬ್ಬಿ ಅಂದ. ಹಿಂದಿನ ದಿನ ರಿಕ್ಷಾಕ್ಕೆ ಮೈಕಿನ ಭೋಂಗಾ ಕಟ್ಟಿ ಕೂಗಿಸೋಣ ಅಂತಲೂ ಹೇಳಿದ.

ಮೊದಲ ಸಭೆಗೆ ಯಾರೂ ಬರಬಾರದು, ಅದೇ ಇಲ್ಲಿಯ ಪದ್ಧತಿ ಎಂದು ತಿಳಿಸಿ ಹೇಳಿದೆ. ಸರಪಂಚರ ಮಾತನ್ನು ಅಕ್ಷರ ಬಿಡದೆ ಒಪ್ಪಿಸಿದೆ.

"ಮೇಡಂ, ಯಾರೂ ಬರಬಾರದು ಅಂತ ಯಾರಾದ್ರೂ ಮೀಟಿಂಗ್ ಕರೀತಾರಾ?" ಅಂದ. "ನಾಳೆ ರಿಪೋರ್ಟಲ್ಲಿ ಖಾಲಿ ಜಮಖಾನೆ ಫೋಟೋ ಹಾಕೋಕಾಗುತ್ತಾ?"

ಪುಸ್ತಕದ ಪ್ರಕಾರ ಅವನ ಮಾತೇ ಸರಿ, ಅದೇ ತ್ರಾಸು. ನನ್ನ ಪಕ್ಷವನ್ನು ಬಾಯಿಬಿಟ್ಟು ಹೇಳಿದರೆ ಜನರಿಗೆ ತಿಳಿಯದ ಹಾಗೆ ಊರಿನ ಹಾಲ್ ಪಡೆಯೋಣ ಅಂದಂತೆ ಕೇಳುತ್ತದೆ. ಆದರೂ ವಾದಿಸಿದೆ, ಜೋರು ಮಾಡಿದೆ, ಬಾಗಿಲು ಬಡಿದು ಹೊರಗೆ ಬಂದೆ. ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡುವ ಗಿರಾಕಿ ಅಂತ ಬಸ್ಸಿನಲ್ಲಿ ಬೈದುಕೊಂಡೆ. ಮರುದಿನ ಸಮೋಸದವನಿಗೆ ಹೇಳಿಬಿಡು ಎಂದು ನನಗೇ ಆದೇಶ ಬಂತು.

ಸಭೆಯ ದಿನ ಏಪ್ರಿಲ್ ಬಿಸಿಲು ಬೆಳಿಗ್ಗೆಯೇ ಸುಡುತ್ತಿತ್ತು. ಪಂಚಾಯಿತಿಯ ಮುಂದೆ ಶಾಮಿಯಾನಾ. ಬಸ್ಸುಗಳು ಬಂದು ಜನರನ್ನು ಇಳಿಸಿ ಮತ್ತೆ ತರಲು ಹೋದವು. ಸರಪಂಚರು ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು, ಅವರ ಮುಖ ಸಣ್ಣದಾಗುತ್ತ ಹೋಯಿತು. ಅವರ ಪಾಲಿನ ಜನ ಪದ್ಧತಿಯಂತೆ ಹೊಲಕ್ಕೆ, ಕೆಲಸಕ್ಕೆ ಹೋಗಿಬಿಟ್ಟಿದ್ದರು. ಬಂದವರಲ್ಲಿ ಮುಂದಿನ ಸಾಲು ಪೂರ್ತಿ ಮಂಡಳಿಯ ಹುಡುಗರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಅನ್ನುವ ಹಾಗೆ ಸಮೋಸದ ಮೇಲೆ ಸಮೋಸ ಇಳಿಸುತ್ತಿದ್ದರು. ಗ್ರಾಮಸೇವಕ ತಲೆ ಎಣಿಸಿ, ಜನ ಸಾಕಷ್ಟಾಗಿದೆ, ಸಭೆ ನಡೆಯುತ್ತದೆ ಎಂದು ಘೋಷಿಸಿದ. ಅವನಿಗೇ ಆಶ್ಚರ್ಯವಾಗಿತ್ತು.

ನನ್ನ ಪಕ್ಕದ ಕುರ್ಚಿಯಲ್ಲಿ ಅವಳನ್ನು ತಂದು ಕೂರಿಸಿದರು. ಯೋಜನೆಯಿಂದ ಯಾರಿಗೆ ಉಪಯೋಗವೋ ಅಂಥವರೊಬ್ಬರು ಮುಂದೆ ಕಾಣಬೇಕೆಂದು ಸಾಹೇಬ ಅವಳನ್ನು ಕೆಲಸದ ನಡುವಿನಿಂದಲೇ ಎಬ್ಬಿಸಿ, ಕಾರಿನಲ್ಲಿ ಕರೆತರಿಸಿದ್ದ. ಕೈಗೆ ಇನ್ನೂ ಪ್ಯಾಕಿಂಗಿನ ಗ್ಲೌಸು. ನನಗೆ ಇದು ಮುಂಚೆ ಗೊತ್ತಿರಲಿಲ್ಲ. ಬಂದೆಯಾ, ಒಳ್ಳೆಯದಾಯಿತು ಅಂದೆ. ಅವಳು ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು.

"ಅಕ್ಕಾರ, ಊಟದ ಸುಟ್ಟಿ ಇಲ್ಲೇ ಹೊಂಟದ. ಹುಡಿಗಿ ಮುಂಜಾನಿಂದ ಒಳಗ ಅದ."

ಕೂಸಿನ ಮನೆಗಾಗಿ ಕರೆದ ಸಭೆ ಆ ಕೂಸಿನ ಊಟ ನುಂಗಿ ಕೂತಿತ್ತು. ಕೀಲಿಕೈ ನನಗೆ ಕೊಡು, ನಾನು ಹೋಗಿ ತಿನಿಸಿ ಬರುತ್ತೇನೆ ಅಂದೆ. ಅವಳು ತಲೆ ಆಡಿಸಿದಳು. ತನ್ನ ಹೊರತು ಯಾರು ಕರೆದರೂ, ಯಾರು ಬಾಗಿಲು ತೆರೆದರೂ ಉಸಿರೆತ್ತಬೇಡ, ಅಡಗಿ ಕೂಡು ಎಂದು ಮಗಳಿಗೆ ಕಲಿಸಿದ್ದಾಳಂತೆ. ನನ್ನನ್ನು ನೋಡಿದರೆ ಹೆದರಿ ಎಲ್ಲಿ ಸೇರಿಕೊಳ್ಳುತ್ತದೋ ಎಂದು ಅವಳಿಗೆ ಭಯ.

ಎದ್ದು ಸಾಹೇಬನ ಹತ್ತಿರ ಹೋದೆ. ಇವಳನ್ನು ಈಗಲೇ ಬಿಡಿ, ಮಗು ಕೀಲಿ ಹಾಕಿದ ಖೋಲಿಯಲ್ಲಿ ಉಪವಾಸ ಇದೆ ಅಂದೆ. "ಕೀಲಿ ಅಂದ್ರೆ... ಈಗ್ಲಾ?" ಅಂದ. ಕಾರಿನವನಿಗೆ ಕೈ ಮಾಡಿದ. ಅಷ್ಟರಲ್ಲಿ ನಲ್ಲಿಯ ವಿಷಯ, ಬೀದಿದೀಪದ ವಿಷಯ ಮುಗಿದು ಗ್ರಾಮಸೇವಕ ಪಾಳಣಾಘರ ಎಂದು ಕೂಗಿದ. ನಾನು ಬಂದು ಅವಳನ್ನು ಎಬ್ಬಿಸಹೋದರೆ ಅವಳು ಏಳಲಿಲ್ಲ. "ವಿಷಯ ಬಂದದ. ಇದೊಂದು ಮುಗೀಲ್ರೀ," ಅಂತ ಕುರ್ಚಿಯ ಕೈ ಹಿಡಿದು ಕೂತಳು.

ಮಂಡಳಿಯ ಹುಡುಗರಲ್ಲಿ ಒಬ್ಬ ಎದ್ದ. ಪುಂಡನಲ್ಲ, ಐಟಿಐ ಕಲಿತವನು. ನಮ್ಮ ಅಪ್ಪಂದಿರ ಹೊಲ ಹೋಗಿ ಈ ಕಾರ್ಖಾನೆಗಳು ಬಂದವು ಅಂದ. ಅದೇ ಗೇಟಿನಲ್ಲಿ ಸರ್ಟಿಫಿಕೇಟು ಹಿಡಿದು ನಿಂತರೆ ಕಾವಲುಗಾರ ನಮ್ಮನ್ನು ಒಳಗೆ ಬಿಡುವುದಿಲ್ಲ, ಸ್ಥಳೀಯರು ಬೇಡ, ಜಗಳ ತೆಗೆಯುತ್ತಾರೆ ಅನ್ನುತ್ತಾನೆ. ಕೆಲಸ ಹೊರಗಿನವರಿಗೆ, ಈಗ ಊರಿನ ಹಾಲೂ ಹೊರಗಿನವರ ಮಕ್ಕಳಿಗೆ. ನಮಗೆ? ಒಂದು ಸಮೋಸ! ಜನ ನಕ್ಕರು, ಆಮೇಲೆ ಚಪ್ಪಾಳೆ ಹೊಡೆದರು. ನನಗೆ ಸಿಟ್ಟು ಬರಬೇಕಾಗಿತ್ತು, ಬಂದದ್ದು ನಾಚಿಕೆ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೆ ಅದನ್ನೆಲ್ಲ ಮೂರು ವರ್ಷದ ಹುಡುಗಿಯ ತಲೆಯ ಮೇಲೆ ಹೊರಿಸುತ್ತಿದ್ದ.

ಸರಪಂಚರು ಊರಿನ ಮಕ್ಕಳೂ ಅಲ್ಲಿ ಇರಬಹುದಲ್ಲ ಎಂದು ಏನೇನೋ ಹೇಳಿ ನೋಡಿದರು, ಗದ್ದಲದಲ್ಲಿ ಕೇಳಲಿಲ್ಲ. ಒಪ್ಪಿಗೆ ಇದ್ದವರು ಕೈ ಎತ್ತಿ ಅಂದ ಗ್ರಾಮಸೇವಕ. ಮಡಿಲಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡ ಹೆಂಗಸರು ಮುಂದಿನ ಸಾಲಿನಲ್ಲಿದ್ದ ತಮ್ಮ ಮಕ್ಕಳ, ಮೈದುನರ ಬೆನ್ನು ನೋಡಿದರು. ಅಲ್ಲೊಂದು ಇಲ್ಲೊಂದು ಕೈ ಎದ್ದಿತು. ನನ್ನ ಪಕ್ಕದಲ್ಲಿ ಒಂದು ಕೈ ನೇರ ಮೇಲೆ ಹೋಯಿತು, ಗ್ಲೌಸು ಹಾಕಿದ ಕೈ.

"ತಾಯಿ, ನಿಮ್ಮ ಹೆಸರು ಈ ಊರಿನ ಮತದಾರರಲ್ಲಿ ಇಲ್ಲ. ಕೈ ಇಳಿಸಿ," ಅಂದ ಗ್ರಾಮಸೇವಕ ಮರಾಠಿಯಲ್ಲಿ. ಗೌರವದಿಂದಲೇ ಹೇಳಿದ.

ಅವಳು ಇಳಿಸಲಿಲ್ಲ. ತಿಳಿಯಲಿಲ್ಲವೇನೋ ಎಂದು ಅವನು ಮತ್ತೊಮ್ಮೆ ಹೇಳಿದ. ಎಲ್ಲರೂ ತಿರುಗಿ ನೋಡಿದರು. ಸಾಹೇಬನ ಫೋಟೋದವನು ಇಂಥ ಚಿತ್ರ ಸಿಗುವುದಿಲ್ಲವೆಂದು ಓಡಿ ಬಂದು ಕ್ಲಿಕ್ ಮಾಡಿದ. ನಾನೇ ಅವಳ ಮೊಣಕೈ ಹಿಡಿದು ಕೆಳಗೆ ತಂದೆ. ಅವಳ ಕೈ ಕಟ್ಟಿಗೆಯಷ್ಟು ಬಿಗಿಯಾಗಿತ್ತು.

ವಿಷಯ ಬಿದ್ದಿತು. ಭರ್ತಿ ಸಭೆ ತಳ್ಳಿಹಾಕಿದ್ದು, ಇಷ್ಟರಲ್ಲಿ ಮತ್ತೆ ತರಲು ಬರುವುದಿಲ್ಲವಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸರಪಂಚರು ನನ್ನ ಹತ್ತಿರ ಬಂದು, ತಹಕೂಬ ಆಗಿದ್ದರೆ ಇಷ್ಟೊತ್ತಿಗೆ ಇವರೆಲ್ಲ ಕ್ರಿಕೆಟ್ ಆಡುತ್ತಿದ್ದರು ತಾಯಿ ಅಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಕಾರಿನಲ್ಲಿ ಅವಳ ಖೋಲಿಗೆ ಹೊರಟೆವು. ಹೆದ್ದಾರಿ ದಾಟಿ, ತಗಡಿನ ಸೂರಿನ ಸಾಲು ಖೋಲಿಗಳು. ಕಾರು ನಿಲ್ಲುವ ಮೊದಲೇ ಇಳಿದು ಓಡಿದಳು. ಹಿಂದೆಯೇ ನಾನು. ಗಲ್ಲಿಯಲ್ಲಿ ಕರೆಂಟು ಹೋಗಿತ್ತು, ಎಲ್ಲಿಯೂ ಫ್ಯಾನಿನ ಸದ್ದಿಲ್ಲ. ಬಾಗಿಲಿನ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು. ಅವಳು ಕೀಲಿಕೈ ಹುಡುಕಿ ತೆಗೆದಳು. ಒಳಗಿನಿಂದ ಅಳು ಇಲ್ಲ, ಕರೆ ಇಲ್ಲ, ಏನೂ ಇಲ್ಲ. ಪುಟ್ಟೀ ಅಂತ ನಾನು ಕೂಗಿಬಿಟ್ಟೆ. ಆಗಲೂ ಏನೂ ಇಲ್ಲ. ನನ್ನ ತಲೆಯಲ್ಲಿ ಬಂದದ್ದನ್ನು ಬರೆಯಲು ಈಗಲೂ ಮನಸ್ಸಾಗುವುದಿಲ್ಲ.

ಬಾಗಿಲು ತೆರೆಯಿತು. ಒಳಗೆ ಕತ್ತಲು, ಬೇಗೆ, ಉಚ್ಚೆಯ ನಾತ. ತಾಯಿ ಸಣ್ಣ ದನಿಯಲ್ಲಿ, "ನಾ ಬಂದೀನವ್ವಾ," ಅಂದಳು. ಆಗ ಟ್ರಂಕಿನ ಹಿಂದಿನಿಂದ ಮಗು ಹೊರಗೆ ಬಂತು. ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿತ್ತು. ನಾನು ಕೂಗಿದ್ದಕ್ಕೆ ಹಾಗೆ ಮುಚ್ಚಿಕೊಂಡದ್ದು. ನನಗೆ ಅಲ್ಲೇ ಅಳು ಬಂತು, ಗೋಡೆ ಹಿಡಿದು ಅತ್ತೆ.

ಅವಳು ಅಳಲಿಲ್ಲ. ಅಳಲು ಅವಳಿಗೆ ಪುರುಸೊತ್ತೆಲ್ಲಿ? ಗುತ್ತಿಗೆದಾರನ ಮೇಲ್ವಿಚಾರಕ ಫೋನು ಮಾಡುತ್ತಲೇ ಇದ್ದ. ಮಗಳಿಗೆ ನೀರು ಕುಡಿಸಿ, ರೊಟ್ಟಿ ಮುರಿದು ಹಾಲಿನಲ್ಲಿ ಕಲಸಿ ತಿನಿಸಿ, ಮೈ ಒರೆಸಿ ಎದ್ದಳು. ಕೀಲಿ ಕೈಗೆ ತೆಗೆದುಕೊಂಡಳು. ಇವತ್ತೊಂದು ದಿನ ಹಾಕಬೇಡ, ನಾನು ಕೂಡುತ್ತೇನೆ ಅಂದೆ. ಮಗಳಿಗೆ ಇವರು ನಮ್ಮವರು ಅಂತ ಹೇಳಿ, ಹಿಂದೆ ನೋಡುತ್ತ ನೋಡುತ್ತ ಹೋದಳು.

ಬಾಗಿಲನ್ನು ಪೂರ್ತಿ ತೆರೆದು ಹೊಸ್ತಿಲ ಒಳಗೆ ಕೂತೆ. ಮಗು ಬಂತು, ನನ್ನ ಪಕ್ಕದಿಂದ ಹಾದು ಹೋಗಿ ಬಾಗಿಲು ದೂಡಿ ಮುಚ್ಚಿತು. ತೆರೆದೆ. ಮತ್ತೆ ಮುಚ್ಚಿತು. ಹಟಕ್ಕಲ್ಲ, ದೊಡ್ಡವರು ಮರೆತ ಕೆಲಸವನ್ನು ತಾನು ಮಾಡಿ ಮುಗಿಸುವವರ ಹಾಗೆ. ಆಫೀಸಿನಿಂದ ಫೋನು ಬಂತು, ಎತ್ತಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತು, ಗಲ್ಲಿಯ ಕೋಳಿಗಳಿಗೆ ರೊಟ್ಟಿ ಚೂರು ಎಸೆಯತೊಡಗಿದೆ. ಬಹಳ ಹೊತ್ತಿನ ಮೇಲೆ ನನ್ನ ಭುಜದ ಹಿಂದಿನಿಂದ ಒಂದು ಮೂಗು ಇಣುಕಿತು. ಆಮೇಲೆ ಒಂದು ಕೈ ರೊಟ್ಟಿ ಬೇಡಿತು. ಬಿಸಿಲು ಇಳಿಯುವಷ್ಟರಲ್ಲಿ ಅವಳು ಹೊಸ್ತಿಲ ಮೇಲೆ ನಿಂತು ಕೋಳಿಗಳನ್ನು ಬೈಯುತ್ತಿದ್ದಳು. ಒಂದು ಕೋಳಿ ಅವಳ ಕಾಲು ಕುಕ್ಕಿದಾಗ ಹೋ ಅಂತ ನಕ್ಕಳು. ಗಲ್ಲಿಗೆಲ್ಲ ಕೇಳುವ ಹಾಗೆ ನಕ್ಕಳು. ನನಗೆ ಎಲ್ಲಿಲ್ಲದ ಹೆಮ್ಮೆ.

ಶಿಫ್ಟು ಬಿಟ್ಟು ತಾಯಿ ಬಂದಾಗ ನಾವಿಬ್ಬರೂ ಗಲ್ಲಿಯಲ್ಲಿದ್ದೆವು. ಓಡಿ ಬಂದ ಮಗಳನ್ನು ಎತ್ತಿಕೊಂಡಳು. ತೆರೆದ ಬಾಗಿಲು ನೋಡಿದಳು, ಕೋಳಿ ನೋಡಿದಳು, ನನ್ನನ್ನು ನೋಡಿದಳು. ಏನೋ ಒಂದು ಒಳ್ಳೆಯ ಮಾತು ಅನ್ನುತ್ತಾಳೆಂದು ನಾನು ಕಾದಿದ್ದೆ, ಸುಳ್ಳೇಕೆ ಹೇಳಲಿ.

"ಕೀಲಿ ಹಾಕಿದಾಗ ಅಳೂದು ಬಿಡಸಾಕ ನನಗ ನಾಕ ತಿಂಗಳ ಹಿಡದಿತ್ತರೀ," ಅಂದಳು. "ನಾಳಿ ಮತ್ತ ಅಳತಾಳ."

ದನಿಯಲ್ಲಿ ಸಿಟ್ಟಿರಲಿಲ್ಲ. ಮಗಳ ತಲೆ ಸವರುತ್ತ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಹೆದ್ದಾರಿಯಲ್ಲೇ ಬಸ್ಸಿಳಿದು ಆ ಗಲ್ಲಿಗೆ ಹೋದೆ. ಬಾಗಿಲಿಗೆ ಕೀಲಿ ಬಿದ್ದಿತ್ತು. ಮಗು ಒಳಗಿನಿಂದ ಬಾಗಿಲು ಬಡಿಯುತ್ತ, ಕೋಳಿ, ಕೋಳಿ ಅಂತ ಅಳುತ್ತಿತ್ತು.